ಮೊಣಕೈ ಕೆಳಗಿನ ಕೈ

4 ಜೂನ್ 2001, ಸೋಮವಾರ

ನೀರಿನ ಲಾರಿ ಇವತ್ತೂ ತಡ. ಬೀದಿಯುದ್ದಕ್ಕೂ ಪ್ಲಾಸ್ಟಿಕ್ ಕೊಡಗಳ ಸಾಲು. ಎದುರು ಮನೆಯಾಕೆ ನನ್ನ ಕೊಡ ಹಿಂದಕ್ಕೆ ತಳ್ಳಿ ತನ್ನದು ಮುಂದಿಟ್ಟಳು. ಬೈದೆ. ಪೆರಂಬೂರಿಗೆ ಬಂದು ಹನ್ನೊಂದು ವರ್ಷ. ನನ್ನ ತಮಿಳು ಬೈಯುವಾಗ ಮಾತ್ರ ಒಂದೂ ತಪ್ಪಿಲ್ಲದೆ ಬರುತ್ತೆ.

ಇವರು ಫಸ್ಟ್ ಶಿಫ್ಟ್. ಕತ್ತಲಿರುವಾಗಲೇ ಕಂಪನಿ ಬಸ್ಸು ಹತ್ತಿ ಮಣಲಿಗೆ ಹೋದರು. ಪ್ಲಾಂಟ್ ಶಟ್‌ಡೌನ್ — ವರ್ಷಕ್ಕೊಂದು ಸಲ ಎಲ್ಲ ನಿಲ್ಲಿಸಿ, ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಕಾಲ. ಫಿಟ್ಟರ್‌ಗಳಿಗೆಲ್ಲ ಇವರೇ ಫೋರ್‌ಮನ್. ಈ ದಿನಗಳಲ್ಲಿ ಮನೆಯಲ್ಲಿದ್ದರೂ ಮನಸ್ಸು ಅಲ್ಲೇ. ತಟ್ಟೆ ಮುಂದೆ ಕೂತು ವಾಲ್ವ್ ಬಗ್ಗೆ ಯೋಚಿಸ್ತಾರೆ. ಹುಳಿಗೆ ಉಪ್ಪು ಹಾಕದಿದ್ದರೂ ಗೊತ್ತಾಗಲ್ಲ. ಬೇಕೆಂದೇ ಒಮ್ಮೆ ಹಾಕದೆ ನೋಡಿದ್ದೇನೆ.

ಬಾಗಿಲ ಮೇಲಿನ ಹಗ್ಗ ತೆಗೆದು ಒಗೆದೆ. ಐದು ವರ್ಷದ ಹಿಂದೆ ಶುಗರ್‌ನಿಂದ ಇವರ ಎಡ ಭುಜ ಹಿಡಿದುಕೊಂಡಾಗ ಕಟ್ಟಿದ್ದು. ಫ್ರೋಜನ್ ಶೋಲ್ಡರ್ ಅಂದಿದ್ದರು ಡಾಕ್ಟರು. ಆ ಹಗ್ಗ ಎಳೆದು ಎಳೆದೇ ಸರಿಮಾಡಿಕೊಂಡರು. ಈಗ ಕೈ ಮೇಲೇಳುತ್ತೆ, ಭಾರ ಎತ್ತುತ್ತೆ, ಶಿಫ್ಟೂ ಮಾಡುತ್ತೆ. ಅಂಗಿ ತೋಳು ಹಾಕುವಾಗ ಮಾತ್ರ ಮುಖ ಸ್ವಲ್ಪ ಗಂಟು. ನೋಯುತ್ತಾ ಅಂದರೆ "ಏನಿಲ್ಲ ಬಿಡು". ತಿಪಟೂರಿನ ಆ ಮನೆತನದಲ್ಲಿ ಗಂಡಸರಿಗೆ ನೋಯೋದೇ ಇಲ್ಲ.

ಈ ಡೈರಿ ಕಂಪನಿ ಕೊಟ್ಟದ್ದು. ಇವರು ಬರೆಯಲ್ಲ ಅಂತ ನಾನು ಬರೆಯೋದು. ಮಗಳು ತೇಜಶ್ರೀ ಕಾಲೇಜು ಮೆಟ್ಟಿಲು ಹತ್ತಿದರೂ ಕನ್ನಡ ಓದಲು ಕಲಿಯಲಿಲ್ಲ. ಇವರು ಪೇಪರು ಬಿಟ್ಟು ಬೇರೆ ಏನೂ ಓದಲ್ಲ. ಧೈರ್ಯವಾಗಿ ಬರೆಯಬಹುದು.

12 ಜೂನ್, ಸಂಜೆ

ಕಂಪನಿ ಬಸ್ಸಿನಲ್ಲಲ್ಲ, ಆಟೋದಲ್ಲಿ ಬಂದರು. ಎಡಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ. ಜೊತೆಗೆ ಭೋಜರಾಜ — ಅದೇ ಪ್ಲಾಂಟಿನ ಫಿಟ್ಟರ್, ಮಂಡ್ಯದ ಕಡೆಯವನು, ಇವರ ಕೈಕೆಳಗೇ ಕೆಲಸ ಕಲಿತವನು. ಅವನೇ ಹೇಳಿದ.

"ವಾಲ್ವ್ ಜಾಮಾಗಿತ್ತು ಅತ್ತಿಗೆ. ಸ್ಪ್ಯಾನರ್‌ಗೆ ಪೈಪ್ ಸಿಗಿಸ್ಕಂಡು ಅಣ್ಣ ಎಳೀತಿದ್ರು. ಪೈಪ್ ಜಾರ್ಬುಡ್ತು. ಮೇಲಿಂದ ಬಿದ್ದೇ ಹೋಗೋರು... ಎಡಗೈಲಿ ರೇಲಿಂಗ್ ಹಿಡ್ಕಂಡ್ರು. ನಾವು ಓಡೋಗಿ ಎಳ್ಕೊಳ್ಳೋಗಂಟ ಒಂದೇ ಕೈಲಿ ನೇತಾಡ್ತಾ ಇದ್ರು. ಭುಜದಲ್ಲಿ ಪಟ್ ಅಂದಿದ್ದು ನಂಗೂ ಕೇಳಿಸ್ತು."

ಫ್ಯಾಕ್ಟರಿ ಡಿಸ್ಪೆನ್ಸರಿಯಲ್ಲಿ ನೋವಿದೆಯಾ ಅಂತ ಕೇಳಿದರಂತೆ. ಇವರು "ಪರವಾಯಿಲ್ಲೆ ಸಾರ್" ಅಂದರಂತೆ. ಪರವಾಯಿಲ್ಲೆ! ಅವರೂ ಹಾಗೇ ಬರೆದುಕೊಂಡು ಮಾತ್ರೆ ಕೊಟ್ಟು ಕಳಿಸಿದ್ದಾರೆ. ಅಂಗಿ ಬಿಚ್ಚಲು ಆಗಲಿಲ್ಲ. ಕತ್ತರಿಯಿಂದ ಕತ್ತರಿಸಿ ತೆಗೆದೆ. ಭುಜ ಊದಿ ಕುತ್ತಿಗೆಗೆ ಬಂದಿದೆ.

ಬದುಕಿ ಬಂದರಲ್ಲ. ಬಚ್ಚಲಿಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಅನ್ನಕ್ಕಿಟ್ಟೆ.

15 ಜೂನ್

ಶಿಫ್ಟಿಗೆ ಹೋದರು! ಬ್ಯಾಂಡೇಜಿನ ಮೇಲೆ ಯೂನಿಫಾರ್ಮ್. "ಶಟ್‌ಡೌನ್ ಮುಗೀಲಿ ಕಣೇ, ಆಮೇಲೆ ತೋರಿಸ್ತೀನಿ." ನಿಂತೇ ಕೆಲಸ ಮಾಡಿಸಿದರಂತೆ. ಕಂಪನಿಗೆ ಇಂಥವರೇ ಬೇಕು.

22 ಜುಲೈ, ಭಾನುವಾರ

ಶಟ್‌ಡೌನ್ ಮುಗಿದು ಎಷ್ಟೋ ದಿನ ಆಯಿತು. ಕೈ ಏಳುತ್ತಿಲ್ಲ. ಸೊಂಟದವರೆಗೆ ಸರಿ. ಎದೆ ಮಟ್ಟಕ್ಕೆ ಬಂದರೆ ನಡುಗಿ ಧೊಪ್ಪನೆ ಬೀಳುತ್ತೆ. ತಲೆ ನಾನೇ ಬಾಚುತ್ತೇನೆ. ಅದಕ್ಕೆಲ್ಲ ಇವರಿಗೆ ಚಿಂತೆ ಇಲ್ಲ. ಚಿಂತೆ ಇರೋದು ಪೂಜೆಯದು.

ಇಷ್ಟಲಿಂಗ ಎಡ ಅಂಗೈ ಮೇಲಿಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾ ಕೂರಬೇಕು. ನನ್ನದು ಐದು ನಿಮಿಷದ ಪೂಜೆ, ಒಲೆ ಮೇಲೆ ಹಾಲಿರುತ್ತೆ. ಇವರದು ಅರ್ಧ ಗಂಟೆ. ಮಾವನವರು ಕಲಿಸಿದ್ದು. ಹಳೇ ಭುಜದ ನೋವು ವಾಸಿಯಾದ ಮೇಲಂತೂ ಕೈ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಪ್ಲಾಂಟಿನಲ್ಲಿ ಇವರಿಗೆ "ಸಾಮಿ" ಅಂತಲೇ ಹೆಸರು.

ಈಗ ಮೊಣಕೈ ಕೆಳಗೆ ದಿಂಬು ಇಟ್ಟು ನೋಡಿದರು, ಜಾರಿತು. ಅಕ್ಕಿ ಡಬ್ಬ ಇಟ್ಟರು, ಎತ್ತರ ಸಾಲದು. ಇವತ್ತು ಲಿಂಗ ಕೆಳಗೆ ಬೀಳುವುದರಲ್ಲಿತ್ತು. ನೋಡಲಾಗಲಿಲ್ಲ ನನಗೆ. ಪಕ್ಕದಲ್ಲಿ ಕೂತು ಮೊಣಕೈ ಕೆಳಗೆ ನನ್ನ ಅಂಗೈ ಇಟ್ಟೆ. ಬೇಡ ಅನ್ನಲಿಲ್ಲ. ಈ ಕಡೆ ನೋಡಲೂ ಇಲ್ಲ. ಅರ್ಧ ಗಂಟೆಯೂ ಹಾಗೇ. ಅವರ ಕೈಯ ನಡುಕ ನನ್ನ ಕೈಗೆ ಇಳಿಯುತ್ತಿತ್ತು.

ಎಲ್ಲ ಮುಗಿದ ಮೇಲೆ — "ತೇಜುಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ."

"ಯಾಕ್ರೀ? ಕಳ್ಳತನ ಮಾಡಿದ್ವಾ?"

"ಲಿಂಗ ತನ್ನ ಕೈಲಿ ತಾನೇ ಹಿಡೀಬೇಕು. ಇನ್ನೊಬ್ಬರ ಕೈ ತಗುಲಿದ್ ಪೂಜೆ ಪೂಜೆನೇ ಅಲ್ಲ ಅಂತಿದ್ರು ಅಪ್ಪ. ಸಾಯೋ ದಿನಾನೂ ತಾವೇ ಹಿಡಿದಿದ್ರು."

ಅಂದರೆ ನಾನು ಇನ್ನೊಬ್ಬಳು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ತಿಳಿಯಿತು.

3 ಅಕ್ಟೋಬರ್

ಸ್ಕ್ಯಾನ್ ಆಯಿತು. ಭುಜ ಎತ್ತುವ ಸ್ನಾಯು ಹರಿದುಹೋಗಿದೆಯಂತೆ. ಆಪರೇಷನ್ ಮಾಡಿ ಹೊಲಿಯಬೇಕು. ಶುಗರ್ ಇದೆ, ತಡ ಮಾಡಿದರೆ ಹೊಲಿಯಲು ಏನೂ ಉಳಿಯಲ್ಲ ಅಂದರು ಮೂಳೆ ಡಾಕ್ಟರು. ಖರ್ಚು ಕೇಳಿದ ಮೇಲೆ ಇಬ್ಬರೂ ಆಟೋ ಹತ್ತದೆ ಬಸ್ ಸ್ಟಾಪಿನವರೆಗೆ ನಡೆದೆವು.

ಕಂಪನಿಗೆ ಅರ್ಜಿ ಕೊಟ್ಟಿದ್ದಕ್ಕೆ ಉತ್ತರ ಬಂತು. ಅವರ ಡಾಕ್ಟರು ಬರೆದಿದ್ದಾರೆ — ಸಕ್ಕರೆ ರೋಗಿ, ವಯಸ್ಸಾಗಿದೆ, ಹಿಂದೆಯೇ ಫ್ರೋಜನ್ ಶೋಲ್ಡರ್ ಇತ್ತು, ಆಗ ರಜೆ ಹಾಕಿದ ದಾಖಲೆ ಇದೆ. ಸವೆದ ಸ್ನಾಯು ತಾನಾಗಿಯೇ ಹರಿದಿದೆ. ಕೆಲಸದಲ್ಲಿ ಬಿದ್ದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ನನ್ನದೊಂದೇ ಪ್ರಶ್ನೆ. ಅಷ್ಟು ಕೆಟ್ಟ ಭುಜವಾಗಿದ್ದರೆ, ಬೀಳುವ ಹಿಂದಿನ ದಿನದವರೆಗೂ ಅದೇ ಭುಜದಲ್ಲಿ ನಿಮ್ಮ ವಾಲ್ವ್ ತಿರುಗಿಸಿದ್ದು ಯಾರು? ಇವರ ಮುಂದೆ ಕೇಳಿದೆ. "ಅದನ್ನ ನನ್ನ ಕೇಳಿದ್ರೆ?" ಅಂದರು. ಸರಿಯೇ. ಕೇಳಬೇಕಾದವರು ಗೇಟಿನೊಳಗಿದ್ದಾರೆ.

8 ಫೆಬ್ರವರಿ 2002

ಈ ವರ್ಷ ಡೈರಿ ಕೊಡಲಿಲ್ಲ. ಹಳೆಯದರ ಖಾಲಿ ಪುಟಗಳೇ ಗತಿ.

ಲೈಟ್ ಡ್ಯೂಟಿ ಇಲ್ಲ ಅಂದರಂತೆ. ಟೂಲ್ ರೂಮಿನಲ್ಲಿ ಕೂರ್ತೀನಿ ಅಂದರೂ ಜಾಗವಿಲ್ಲವಂತೆ. ವಿ.ಆರ್.ಎಸ್. ಅಂತ ಸ್ವಯಂ ನಿವೃತ್ತಿಯ ಫಾರಂ ಮುಂದಿಟ್ಟರು. "ಸ್ವಂತ ಇಚ್ಛೆಯಿಂದ" ಅಂತ ಅಚ್ಚು ಹಾಕಿಸಿಯೇ ಇಟ್ಟಿರುತ್ತಾರೆ. ಸಹಿ ಹಾಕಿ ಬಂದರು. ಕೊನೇ ದಿನ ಶಾಲು ಹೊದಿಸಿದರಂತೆ. ಎಡ ಭುಜದ ಮೇಲೆ ನಿಲ್ಲದೆ ಜಾರುತ್ತಿತ್ತಂತೆ ಶಾಲು. ಅದನ್ನು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಬಂದ ಹಣ ಮನೆ ಬಾಡಿಗೆ, ತೇಜು ಫೀಸು, ಔಷಧಿ ಅಂತ ಹೋಗುತ್ತಿದೆ. ಆಪರೇಷನ್ ಮಾತು ಯಾರೂ ಎತ್ತುತ್ತಿಲ್ಲ.

13 ಮಾರ್ಚ್, ಶಿವರಾತ್ರಿ ಮಾರನೇ ದಿನ

ನಿನ್ನೆ ಸಂಜೆ ಭೋಜರಾಜ ಹಣ್ಣು ಹಿಡಿದುಕೊಂಡು ಬಂದ. ಪೂಜೆ ಆಗಷ್ಟೇ ಮುಗಿದಿತ್ತು. ಶಿವರಾತ್ರಿ ಅಂತ ಒಂದು ಗಂಟೆಯ ಪೂಜೆ. ನನ್ನ ಬಲಗೈ ಜೋಮು ಹಿಡಿದು ಲೋಟ ಎತ್ತಲೂ ಆಗುತ್ತಿರಲಿಲ್ಲ. ಒಳಗೆ ಕಾಫಿ ಮಾಡುತ್ತಿದ್ದೆ, ಹೊರಗೆ ಇವರ ಮಾತು.

"ಬಿದ್ದಾಗಿಂದ ಇಲ್ಲಿವರ್ಗೂ ಒಂದ್ ದಿನ ತಪ್ಸಿಲ್ಲ ಕಣೋ ಭೋಜ. ಇದೇ ಕೈಲಿ."

"ನಿಮ್ಮಂಥೋರು ಎಲ್ಲವ್ರೆ ಅಣ್ಣ. ಪ್ಲಾಂಟಲ್ಲಿ ಎಲ್ರಿಗೂ ಹೇಳ್ತೀನಿ ತಗಳಿ." ಕಾಲಿಗೂ ಬಿದ್ದ.

ಕಾಫಿ ತಂದಿಟ್ಟೆ. ಸ್ವಲ್ಪ ಚೆಲ್ಲಿತು. ಇವರು ನನ್ನ ಕಡೆ ನೋಡಲಿಲ್ಲ.

20 ಜೂನ್

ಕೊನೆಗೂ ವಕೀಲರ ಹತ್ತಿರ ಕರೆದುಕೊಂಡು ಹೋದೆ. ಹೌದು, ನಾನೇ. ಇವರಿಗೇ ಬಿಟ್ಟರೆ ಹೀಗೇ ಜಗಲಿ ಮೇಲೆ ಕೂತು ಪೇಪರು ಓದುತ್ತಾರೆ.

ಶಂಕರನಾರಾಯಣ ಅಂತ. ಹೊಸೂರಿನವರು, ತಮಿಳು ರಾಗದಲ್ಲಿ ಕನ್ನಡ ಆಡ್ತಾರೆ. ಜೆರಾಕ್ಸ್ ಅಂಗಡಿ ಮೇಲೆ ಆಫೀಸು. ಹಳೇ ಭುಜದ ನೋವಿನ ವಿಷಯ ಹೇಳಲೋ ಬೇಡವೋ ಅಂತ ನಾನು ಅನುಮಾನಿಸುತ್ತಿದ್ದೆ. ಅವರೇ ಹೇಳಿದರು.

"ಮುಚ್ಚಿಡಬೇಡಿ ಅಮ್ಮಾ. ರೋಗ ಇತ್ತು ಅಂತಲೇ ಹೇಳೋಣ. ಇದ್ದ ರೋಗವನ್ನ ಕೆಲಸದ ಏಟು ಜಾಸ್ತಿ ಮಾಡಿತು ಅಂದ್ರೆ ಅದೂ ಆಕ್ಸಿಡೆಂಟೇ. ಕಂಪನಿ ಪರಿಹಾರ ಕೊಡಲೇಬೇಕು. ನಾವು ತೋರಿಸಬೇಕಾದ್ದು ಒಂದೇ ಒಂದು. ಬೀಳೋ ಮುಂಚೆ ಈ ಕೈ ಏನೇನು ಮಾಡ್ತಾ ಇತ್ತು, ಬಿದ್ದ ಮೇಲೆ ಏನೇನು ಮಾಡಲ್ಲ. ಅಷ್ಟೇ." ಆಮೇಲೆ ಇವರ ಕಡೆ ತಿರುಗಿ, "ಹೇಳಿ ಸಾರ್, ಏನು ಮಾಡಕ್ಕೆ ಆಗಲ್ಲ?"

"ಎಲ್ಲಾ ಮಾಡ್ಕಂತೀನಿ. ಸ್ವಲ್ಪ ಕಷ್ಟ ಆಗ್ತೈತೆ ಅಷ್ಟೇ."

ವಕೀಲರು ಪೆನ್ನು ಕೆಳಗಿಟ್ಟರು. ನಾನು ಶುರು ಮಾಡಿದೆ — ತಲೆ ಬಾಚಲು ಆಗಲ್ಲ, ಅಂಗಿ ಹಾಕಲು ಆಗಲ್ಲ, ಬಸ್ಸಿನ ಕಂಬಿ ಹಿಡಿಯಲು ಆಗಲ್ಲ. ಪೂಜೆಯ ಮಾತು ನಾಲಿಗೆ ತುದಿಗೆ ಬಂತು. ಇವರು ಕೆಮ್ಮಿದರು. ಅದು ಕೆಮ್ಮಲ್ಲ, ನನಗೆ ಗೊತ್ತು. ನುಂಗಿಕೊಂಡೆ.

ಗೆದ್ದರೆ ಆಪರೇಷನ್. ಸೋತರೆ ಈ ಕೈ ಜನ್ಮಪೂರ್ತಿ ಇಷ್ಟೇ. ಇದನ್ನು ಬಿಡಿಸಿ ಬಿಡಿಸಿ ಇವರಿಗೆ ಹೇಳಿದ್ದೇನೆ. "ಗೊತ್ತು ಬಿಡು" ಅಂದರು.

23 ಜನವರಿ 2003

ಒತ್ತಿ ಬರೆದು ಎರಡು ಸಲ ಹಾಳೆ ಹರಿಯಿತು. ಸಿಟ್ಟಿಗೆ.

ಲೇಬರ್ ಆಫೀಸಿನಲ್ಲಿ ಇವರ ಸಾಕ್ಷಿ. ಕಮಿಷನರ್ ಮುಂದೆ ದೇವರ ಮೇಲೆ ಪ್ರಮಾಣ ಮಾಡಿಸಿದರು. ಇವರು ಎದೆ ಮೇಲಿನ ಕರಡಿಗೆ ಮುಟ್ಟಿಕೊಂಡು ಪ್ರಮಾಣ ಮಾಡಿದರು, ಒಳಗೆ ಲಿಂಗ ಇರುತ್ತಲ್ಲ. ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಚೆನ್ನಾಗಿಯೇ ಹೇಳಿದರು. ಬಿದ್ದದ್ದು, ನೇತಾಡಿದ್ದು, ಸ್ಕ್ಯಾನ್. ಕಂಪನಿ ಕಡೆ ಬೆಂಚಿನಲ್ಲಿ ಭೋಜರಾಜ ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ಪ್ಲಾಂಟಿನ ಇನ್ನಿಬ್ಬರು.

ಆಮೇಲೆ ಕಂಪನಿ ವಕೀಲ ಎದ್ದ. ಬಹಳ ಮರ್ಯಾದೆಯ ಮನುಷ್ಯ. ಅಯ್ಯಾ ಅನ್ನದೆ ಮಾತಿಲ್ಲ. ತಮಿಳಿನಲ್ಲೇ ಎಲ್ಲ.

ಅಯ್ಯಾ, ನೀವು ದಿನಾ ಪೂಜೆ ಮಾಡ್ತೀರಂತಲ್ಲ?

ಹೌದು.

ಲಿಂಗ ಯಾವ ಕೈಯಲ್ಲಿ ಹಿಡೀತೀರಿ?

ಎಡಗೈ.

ಎಷ್ಟು ಎತ್ತರಕ್ಕೆ? ತೋರಿಸಬೇಡಿ, ಹೇಳಿ ಸಾಕು.

ಕಣ್ಣಿನ ಮಟ್ಟಕ್ಕೆ.

ಎಷ್ಟು ಹೊತ್ತು?

ಅರ್ಧ ಗಂಟೆ.

ಬೀಳೋಕೆ ಮುಂಚೆಯೂ ಅಷ್ಟೇ, ಬಿದ್ದ ಮೇಲೂ ಅಷ್ಟೇ?

ಶಂಕರನಾರಾಯಣ ಅರ್ಧ ಎದ್ದರು. ಇವರು ಅವರನ್ನು ನೋಡಲಿಲ್ಲ. ಭೋಜರಾಜನ ಬೆಂಚನ್ನೇ ನೋಡುತ್ತಿದ್ದರು. "ಒಂದು ದಿನ ತಪ್ಪಿಲ್ಲ" ಅಂದರು.

ಯಾರ ಸಹಾಯವೂ ಇಲ್ಲದೆ?

ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹೇಳಿ. ಒಂದೇ ಮಾತು. ಹೆಂಡತಿ ಹಿಡಿದುಕೊಳ್ತಾಳೆ ಅಂತ. ಅಷ್ಟು ಹೇಳಿದರೆ ಮುಗೀತು, ಗೆದ್ದೆವು.

"ಸ್ವಂತ ಕೈಯಲ್ಲೇ" ಅಂದರು. ಎದೆ ಎತ್ತಿ.

ಆ ವಕೀಲ ನಮಸ್ಕಾರ ಮಾಡಿ ಕೂತ.

ಬಸ್ಸಿನಲ್ಲಿ ತಡೆಯಲಾಗಲಿಲ್ಲ. "ಸುಳ್ಳು ಯಾಕ್ ಹೇಳಿದ್ರಿ?"

"ಪೂಜೆ ತಪ್ಸಿದೀನಾ ನಾನು?"

"ಕೈ ಯಾರ್ದು?"

"ಮೆತ್ಗೆ ಮಾತಾಡು. ಹೆಂಡ್ತಿ ಕೈ ಊರ್ಕೊಂಡು ಲಿಂಗಪೂಜೆ ಮಾಡ್ತಾನೆ ಅಂತ ಮಣಲಿ ಮಂದಿಯೆಲ್ಲಾ ನಗ್ಲಿ ಅಂತೀಯಾ?"

ನಗಲಿ! ನಕ್ಕರೆ ಏನು ಕಿತ್ತು ಹೋಗುತ್ತೆ? ಕಿತ್ತು ಹೋಗಬೇಕಾದ್ದು ಆಗಲೇ ಹೋಗಿದೆ, ಭುಜದಲ್ಲಿ.

24 ಜನವರಿ

ಬೆಳಿಗ್ಗೆ ಏನೂ ಆಗದವರ ಹಾಗೆ ಮಣೆ ಹಾಕಿಕೊಂಡು ಕೂತರು. ಕರೆದರು. ಹೋಗಿ ಹಿಡಿದೆ. ಅವರಿಗಾಗಿ ಅಲ್ಲ. ಲಿಂಗ ಬೀಳಬಾರದು ಅಂತ.

ಸಂಜೆ ತೇಜುಗೆ ಎಲ್ಲ ಹೇಳಿಬಿಟ್ಟೆ. "ಅಪ್ಪಾ ಪೊಯ್ ಸೊಲ್ಲಿಟ್ಟಾರಾ?" ಅಂದಳು, ಅಪ್ಪ ಸುಳ್ಳು ಹೇಳಿದರಾ ಅಂತ. ಅವಳಿಗೆ ಕೇಸು ಸೋಲೋದಕ್ಕಿಂತ ಅದೇ ದೊಡ್ಡದಾಯಿತು.

9 ಏಪ್ರಿಲ್

ಶಂಕರನಾರಾಯಣ ಬಿಡಲಿಲ್ಲ. "ನೀವು ಸಾಕ್ಷಿ ಹೇಳಿ ಅಮ್ಮಾ, ಬೇರೆ ದಾರಿ ಇಲ್ಲ" ಅಂದರು. ಇವರು ಮೂರು ದಿನ ಮಾತು ಬಿಟ್ಟರು. ಬಿಡಲಿ ಅಂತ ಹೋದೆ.

ಭೋಜರಾಜನ ಸಾಕ್ಷಿ ಮೊದಲೇ ಆಗಿತ್ತು. ಶಿವರಾತ್ರಿ ದಿನ ಅಣ್ಣನೇ ಹೇಳಿದ್ದು ಅಂದಿದ್ದನಂತೆ. ನಿಜವೇ. ಹೊರಗೆ ಸಿಕ್ಕಿದ. "ಪಟ್ ಅಂದಿದ್ದು ಹೇಳಿದ್ಯೇನಪ್ಪಾ?" ಅಂತ ಕೇಳಿದೆ. "ಅದನ್ನ ಕೇಳ್ನಿಲ್ಲ ಅತ್ತಿಗೆ... ನಂಗೂ ಹೆಂಡ್ತಿ ಮಕ್ಕಳವ್ರೆ" ಅಂದ. ಯುಗಾದಿಗೆ ನನ್ನ ಕೈ ಹೋಳಿಗೆ ತಿಂದ ಬಾಯಿ.

ನಾನು ಎಲ್ಲ ಹೇಳಿದೆ. ದಿಂಬು, ಅಕ್ಕಿ ಡಬ್ಬ, ನನ್ನ ಕೈ. ದಿನಾ ಬೆಳಿಗ್ಗೆ ನಾನು ಹಿಡಿಯದಿದ್ದರೆ ಆ ಕೈ ನಿಲ್ಲೋದಿಲ್ಲ ಅಂದೆ. ಕಮಿಷನರ್ ಬರೆದುಕೊಳ್ಳುತ್ತಿದ್ದರು. ಹಗುರವಾಯಿತು ಮನಸ್ಸು. ಇವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು, ಕಿವಿ ಕೆಂಪಾಗಿತ್ತು.

ಆ ಮರ್ಯಾದೆಯ ಮನುಷ್ಯ ಎದ್ದ. ಅಮ್ಮಾ, ಯಜಮಾನರ ಆಪರೇಷನ್ನಿಗೆ ಹಣ ಬೇಕು ಅಲ್ಲವಾ? ಬೇಕು ಅಂದೆ. ಅವರು ದೇವರ ಮೇಲೆ ಆಣೆಯಿಟ್ಟು ಸ್ವಂತ ಕೈಯಲ್ಲೇ ಅಂದಿದ್ದಾರೆ, ನೀವು ಇಲ್ಲ ಅಂತೀರಿ. ಹಾಗಾದರೆ ನಿಮ್ಮ ಯಜಮಾನರು ಸುಳ್ಳುಗಾರರಾ?

ಗೊತ್ತಿತ್ತು ನನಗೆ ಏನು ಹೇಳಬೇಕು ಅಂತ. ಹೌದು, ಆವತ್ತು ಸುಳ್ಳು ಹೇಳಿದರು. ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಅಷ್ಟು ಜನರ ಮುಂದೆ, ಕಟ್ಟಿಕೊಂಡ ಗಂಡನನ್ನು...

"ಅವರು ಸುಳ್ಳು ಹೇಳೋರಲ್ಲ. ಆದರೆ —"

"ಸಾಕಮ್ಮಾ" ಅಂದ. ಕೂತ.

ಆದರೆ ಅನ್ನೋದನ್ನು ಯಾರೂ ಬರೆದುಕೊಳ್ಳಲಿಲ್ಲ. ಶಂಕರನಾರಾಯಣ ಎದ್ದು ಇನ್ನೇನೋ ಕೇಳಿದರು, ನಾನೇನೋ ಹೇಳಿದೆ. ಆಗಬೇಕಾದ್ದು ಆಗಿತ್ತು. ನನಗೂ ಅದೇ ರೋಗ. ಈ ಮನೆಯ ಅನ್ನ ತಿಂದೆನಲ್ಲ.

2 ಜುಲೈ

ಮೂಳೆ ಡಾಕ್ಟರ ಹತ್ತಿರ ಹೋಗಿದ್ದೆವು. ಭುಜ ಒಣಗುತ್ತಿದೆ, ಸ್ನಾಯು ಒಳಗೆ ಎಳೆದುಕೊಂಡಿದೆ. ಈ ವರ್ಷ ಮುಗಿಯುವುದರೊಳಗೆ ಮಾಡಿಸದಿದ್ದರೆ ಮತ್ತೆ ಬರುವುದೇ ಬೇಡ ಅಂದರು. ನೋವು ಹೇಗಿದೆ ಅಂತ ಕೇಳಿದರು. "ತೊಂದರೆ ಇಲ್ಲ ಸಾರ್." ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ರಾತ್ರಿ ನಿದ್ದೆಯಲ್ಲಿ ನರಳುತ್ತಾರೆ. ಎದ್ದು ಹೇಳಿದರೆ ಒಪ್ಪಲ್ಲ.

18 ಸೆಪ್ಟೆಂಬರ್

ಆರ್ಡರ್ ಬಂತು. ವಜಾ.

ಇಂಗ್ಲಿಷಿನಲ್ಲಿತ್ತು. ತೇಜು ನಿಂತುಕೊಂಡೇ ಓದಿ ತಮಿಳಿನಲ್ಲಿ ಹೇಳುತ್ತಾ ಹೋದಳು. ನಾನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡೆ. ಹಳೆಯ ಕಾಯಿಲೆ ಇದ್ದರೂ ಕೆಲಸದ ಅಪಘಾತ ಅದನ್ನು ಹೆಚ್ಚಿಸಿದ್ದರೆ ಪರಿಹಾರ ಕೊಡಬೇಕು, ಕಾನೂನು ಅದೇ. ಆದರೆ ಹೆಚ್ಚಾಗಿದೆ ಅಂತ ಇಲ್ಲಿ ರುಜುವಾತಾಗಿಲ್ಲ. ಅಪಘಾತಕ್ಕೆ ಮೊದಲು ಆ ಕೈ ಏನು ಮಾಡುತ್ತಿತ್ತೋ ಈಗಲೂ ಅದನ್ನೇ ಮಾಡುತ್ತಿದೆ ಎಂದು ಅರ್ಜಿದಾರರೇ ಹೇಳಿದ್ದಾರೆ. ಹೆಂಡತಿಯ ಹೇಳಿಕೆ ಹಣದ ಅಗತ್ಯದಿಂದ ಬಂದದ್ದು. ಗಂಡ ಸುಳ್ಳು ಹೇಳುವವರಲ್ಲ ಎಂದು ಆಕೆಯೂ ಒಪ್ಪಿದ್ದಾರೆ.

ಅದಾದ ಮೇಲಿನ ಸಾಲು — ಅರ್ಜಿದಾರರು ಧರ್ಮನಿಷ್ಠರು. ದೇವರ ಮೇಲೆ ಪ್ರಮಾಣ ಮಾಡಿ ಅವರು ಆಡಿದ ಮಾತನ್ನು ನಂಬದಿರಲು ಕಾರಣ ಕಾಣುವುದಿಲ್ಲ.

ತೇಜು ಕಾಗದ ಮೇಜಿನ ಮೇಲೆ ಹಾಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವರು ಕಾಗದ ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡು ಆ ಸಾಲು ಹುಡುಕಿದರು. ಬೆರಳಿಟ್ಟು ಓದಿದರು. ಇನ್ನೊಂದು ಸಲ ಓದಿದರು.

ಶಂಕರನಾರಾಯಣ ಫೋನಿನಲ್ಲಿ, "ಹೈಕೋರ್ಟಿಗೆ ಹೋಗಬಹುದು ಅಮ್ಮಾ, ಆದರೆ ಅಲ್ಲಿ ಸಾಕ್ಷಿ ಮತ್ತೆ ಕೇಳಲ್ಲ. ಇವರ ಮಾತೇ ಇವರಿಗೆ ಅಡ್ಡ." ಬೈಯಲಿಲ್ಲ ಪಾಪ. ಬೈದಿದ್ದರೆ ಚೆನ್ನಾಗಿತ್ತು.

5 ಅಕ್ಟೋಬರ್, ಭಾನುವಾರ

ತಿಪಟೂರಿನಿಂದ ಭಾವನವರು ಬಂದಿದ್ದಾರೆ, ಇವರ ಅಣ್ಣ. ಕೇಸು ಸೋತದ್ದಕ್ಕೆ ಸಮಾಧಾನ ಹೇಳಲು.

ಸಮಾಧಾನ ಯಾರಿಗೆ ಬೇಕು? ಊಟವಾದ ಮೇಲೆ ಇವರು ಒಳಗಿನಿಂದ ಆರ್ಡರ್ ತಂದರು. ಆ ಒಂದು ಪುಟ ಬೇರೆ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದಾರೆ! ನನಗೆ ಗೊತ್ತೇ ಇರಲಿಲ್ಲ. ಇಂಗ್ಲಿಷ್ ಓದಿ, ಕನ್ನಡದಲ್ಲಿ ಅರ್ಥ ಹೇಳಿದರು. "ಕಮಿಷನರೇ ಬರ್ದವ್ರೆ ನೋಡಣ್ಣ. ಧರ್ಮನಿಷ್ಠ ಅಂತ. ದುಡ್ಡು ಹೋದ್ರೆ ಹೋಯ್ತು."

ಭಾವ ಕಣ್ಣೊರೆಸಿಕೊಂಡರು. "ಅಪ್ಪನ ಹೆಸರು ಉಳಿಸಿದೆ ಗಂಗಾಧರ."

ನಾನು ಎಲೆ ಎತ್ತುತ್ತಿದ್ದೆ. ಸಾಕ್ಷಿ ಹೇಳಿದ ಸುಳ್ಳುಗಾತಿ. ಎಲೆಗಳನ್ನೆಲ್ಲ ಅಲ್ಲೇ ಬಿಸಾಡಿ ಕೂಗಬೇಕು ಅನ್ನಿಸಿತು — ಆ ಕೈ ಎತ್ತಿ ತೋರಿಸ್ರೀ ನಿಮ್ಮಣ್ಣನಿಗೆ, ಈಗಲೇ, ಎತ್ತಿ. ಕೂಗಲಿಲ್ಲ. ಅತಿಥಿ ಎದುರಿಗೆ ಹೇಗೆ?

ಇಷ್ಟು ವರ್ಷ ಇವರ ಮೇಲೆ ಸಿಟ್ಟು ಬಂದಿದೆ, ಬೇಜಾರು ಬಂದಿದೆ. ಇವತ್ತು ಮೊದಲ ಸಲ ಅಸಹ್ಯವಾಯಿತು. ಬರೆದಿದ್ದೇನೆ, ಹೊಡೆದುಹಾಕಲ್ಲ.

6 ಅಕ್ಟೋಬರ್, ಬೆಳಿಗ್ಗೆ

ಭಾವನವರು ಹಜಾರದಲ್ಲಿ ಪೇಪರು ಓದುತ್ತಿದ್ದಾರೆ. ಇವರು ದೇವರ ಕೋಣೆಯ ಬಾಗಿಲು ಮುಂದಕ್ಕೆ ಎಳೆದುಕೊಂಡು ಪೂಜೆಗೆ ಕೂತಿದ್ದಾರೆ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮಧ್ಯೆ ಒಂದು ಗೋಡೆ. ಉಪ್ಪಿಟ್ಟಿಗೆ ಎಸರಿಟ್ಟಿದ್ದೇನೆ.

"ನೀಲಾ" ಅಂದರು, ಮೆಲ್ಲಗೆ. ಅಣ್ಣನಿಗೆ ಕೇಳಿಸಬಾರದು.

ಓಗೊಡಲಿಲ್ಲ.

ಇನ್ನೊಂದು ಸಲ. ಗಂಟಲು ಸರಿಮಾಡಿಕೊಂಡರು. ಹಳೇ ಕೆಮ್ಮು.

ಹೋಗಲ್ಲ. ಸ್ವಂತ ಕೈಯಲ್ಲೇ ಹಿಡೀತಾರೆ, ಪ್ರಮಾಣ ಮಾಡಿ ಹೇಳಿದ್ದಾರೆ, ಸರ್ಕಾರವೇ ನಂಬಿದೆ. ಹಿಡಿಯಲಿ. ಬೇಕಾದರೆ ಅಣ್ಣನನ್ನು ಕರೆದುಕೊಳ್ಳಲಿ. ಇವತ್ತು ಏನಾದರೂ ಆಗಲಿ, ಎದ್ದು ಹೋಗಲ್ಲ. ಎಸರು ಕುದಿಯುತ್ತಿದೆ, ಅದಕ್ಕೂ ಎದ್ದಿಲ್ಲ ನಾನು.

ಬಳೆಯ ಸದ್ದು ಮಾಡಿದೆ, ನಾನು ಇಲ್ಲೇ ಇದ್ದೇನೆ ಅಂತ ಗೊತ್ತಾಗಲಿ.

ಗೋಡೆಗೆ ಬಾಯಿಟ್ಟೇ ಹೇಳಿರಬೇಕು, ಅಷ್ಟು ಹತ್ತಿರ ಕೇಳಿಸಿತು. "ನೋಯ್ತೈತೆ ಕಣೇ."

ನೋಯ್ತೈತೆ. ಡಿಸ್ಪೆನ್ಸರಿಯಲ್ಲಿ ಹೇಳಬೇಕಿದ್ದ ಮಾತು. ವಕೀಲರಿಗೆ, ಡಾಕ್ಟರಿಗೆ, ಕಮಿಷನರಿಗೆ, ಆ ಭೋಜರಾಜನಿಗೆ. ಎರಡು ವರ್ಷ ಕಾದೆ ಈ ಒಂದು ಮಾತಿಗೆ. ಈಗ, ಎಲ್ಲ ಮುಗಿದ ಮೇಲೆ, ಗೋಡೆಯಾಚೆಯಿಂದ, ನನ್ನೊಬ್ಬಳಿಗೆ —

ಮತ್ತೆ ಅಂದರು. ಅಳುತ್ತಿದ್ದಾರೇನೋ. ಪೆನ್ನು ಇಲ್ಲೇ ಬಿಟ್ಟು ನಾನು